ಸೂರ್ಯನಿಗಿಂತ ಮೊದಲಿನ ಮೂರು ಸಾಯಂಕಾಲ: ಆದಿಕಾಂಡದ ‘ದಿನ’ ಎಷ್ಟು ಉದ್ದ?

ನೇತ್ರಾವತಿ ದಡ:

ಎಲ್ಲರಿಗೂ ವಂದನೆ. ಹನ್ನೊಂದು ವರ್ಷದಿಂದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಕಲಿಸುತ್ತಿದ್ದೇನೆ. ಕಳೆದ ಭಾನುವಾರ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ ಓದಿಸುತ್ತಿದ್ದಾಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ಸೂರ್ಯನನ್ನು ಮಾಡಿದ್ದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಸಾಯಂಕಾಲ ಹೇಗಾಯಿತು?"

ಗಂಟೆ ಹೊಡೆಯುವ ಹೊತ್ತಾಗಿತ್ತು. "ಕರ್ತನಿಗೆ ಒಂದು ದಿನ ಸಾವಿರ ವರ್ಷದ ಹಾಗೆ" ಎಂಬ ಪೇತ್ರನ ಮಾತು ಹೇಳಿ ಮುಗಿಸಿಬಿಟ್ಟೆ. ಮನೆಗೆ ಬಂದ ಮೇಲೆ ಅದು ಚುಚ್ಚತೊಡಗಿತು. ಅವಳು ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ದಿನವನ್ನು ಸಾವಿರ ವರ್ಷಕ್ಕೆ ಎಳೆದರೂ ಸೂರ್ಯನಿಲ್ಲದ ಸಾಯಂಕಾಲ ಹಾಗೆಯೇ ಉಳಿಯುತ್ತದೆ. ಮುಂದಿನ ಭಾನುವಾರ ಅವಳಿಗೆ ಸರಿಯಾದ ಮಾತು ಹೇಳಬೇಕು. ಹೀಬ್ರೂ ಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ: ಅಲ್ಲಿ ‘ದಿನ’ ಎಂದಿರುವ ಪದ ನಿಜವಾಗಿ ಏನು ಹೇಳುತ್ತದೆ?

ದೃಢಮನ:

ಸಹೋದರಿ, ಇದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. "ಹೀಗೆ ಸಾಯಂಕಾಲವೂ ಪ್ರಾತಃಕಾಲವೂ ಆಗಿ" ಎಂದು ಆರು ಸಲ ಬಂದಿದೆ. ಅದೂ ಸಾಲದು ಎಂಬಂತೆ ವಿಮೋಚನಕಾಂಡ 20:9-11ರಲ್ಲಿ, ಆರು ದಿನ ದುಡಿ, ಏಳನೆಯ ದಿನ ಬಿಡುವಾಗಿರು, ಏಕೆಂದರೆ ದೇವರೂ ಆರು ದಿನಗಳಲ್ಲಿ ಎಲ್ಲವನ್ನೂ ಉಂಟುಮಾಡಿದನು ಎಂದಿದೆ. ಒಂದೇ ಮಾತಿನೊಳಗೆ ನಮ್ಮ ಆರು ದಿನ ಇಪ್ಪತ್ನಾಲ್ಕು ಗಂಟೆಯದು, ದೇವರ ಆರು ದಿನ ಕೋಟಿ ವರ್ಷದ್ದು ಅಂದರೆ ಆಜ್ಞೆಗೇ ಅರ್ಥ ಉಳಿಯುವುದಿಲ್ಲ. ಪೇತ್ರನ ಮಾತು ದೇವರ ತಾಳ್ಮೆಯ ಬಗ್ಗೆ. ಅದು ಪಂಚಾಂಗದ ಲೆಕ್ಕವಲ್ಲ. ಬೆಳಕಂತೂ ಮೊದಲ ದಿನವೇ ಇತ್ತಲ್ಲ. ದೇವರ ಬೆಳಕಿಗೆ ಸೂರ್ಯ ಬೇಕಾಗಿರಲಿಲ್ಲ.

ಮೂಲಪಾಠ:

ನಾಲ್ಕು ವರ್ಷ ಹೀಬ್ರೂ ಓದಿದ್ದೇನೆ, ಈಗಲೂ ಪ್ರತಿದಿನ ಸ್ವಲ್ಪ ಓದುತ್ತೇನೆ. ಪದದಿಂದಲೇ ಶುರು ಮಾಡುತ್ತೇನೆ ಅಕ್ಕ.

ಪದ ‘ಯೋಮ್’. ನಮ್ಮ ಕನ್ನಡದಲ್ಲಿ ಹಗಲು ಬೇರೆ, ದಿನ ಬೇರೆ. ಹೀಬ್ರೂನಲ್ಲಿ ಎರಡಕ್ಕೂ ‘ಯೋಮ್’ ಒಂದೇ. ಆದಿಕಾಂಡ 1:5ನ್ನು ಮೂಲದಲ್ಲಿ ಓದಿದರೆ ದೇವರು ಬೆಳಕಿಗೆ ‘ಯೋಮ್’ ಎಂದು ಹೆಸರಿಡುತ್ತಾನೆ, ಅದೇ ವಚನದ ಕೊನೆಗೆ ಸಾಯಂಕಾಲ, ಬೆಳಗು ಎರಡೂ ಸೇರಿದ್ದಕ್ಕೂ ‘ಯೋಮ್’ ಎಂದೇ ಇದೆ. ಒಂದೇ ವಚನ, ಒಂದೇ ಪದ, ಎರಡು ಅಳತೆ. ನಮ್ಮ ಸತ್ಯವೇದದಲ್ಲಿ ಮೊದಲಿನದು ‘ಹಗಲು’, ಎರಡನೆಯದು ‘ದಿನ’. ಅನುವಾದ ಸರಿಯಾಗಿಯೇ ಇದೆ. ಆದರೆ ಓದುವವರಿಗೆ ಮೂಲದ ಆ ಮಡಿಕೆ ಕಾಣುವುದಿಲ್ಲ.

ಮೂರನೆಯ ಬಳಕೆ 2:4ರಲ್ಲಿ ಬರುತ್ತದೆ. ಅಲ್ಲಿ ‘ಬೆಯೋಮ್’ ಎಂದಿದೆ, ಅಕ್ಷರಶಃ ‘ದಿನದಲ್ಲಿ’. ದೇವರು ಭೂಮಿಯನ್ನೂ ಆಕಾಶವನ್ನೂ ಮಾಡಿದ ದಿನದಲ್ಲಿ! ಆರು ದಿನದ ಕೆಲಸ ಮುಗಿದ ಕೂಡಲೇ ಅದನ್ನೆಲ್ಲ ಒಂದು ‘ಯೋಮ್’ ಎಂದರೆ ಇಂಗ್ಲಿಷಿನಲ್ಲಿ ಓದುವವರು ಗಾಬರಿಯಾಗುತ್ತಾರೆ. ಕನ್ನಡದವರಿಗೆ ಆ ಕಷ್ಟ ಬರಬಾರದು, ಏಕೆಂದರೆ ಇದೇ ಜಾಯಮಾನ ನಮ್ಮಲ್ಲೂ ಇದೆ. ‘ಅವನು ಬಂದಂದು’, ‘ನೀನು ಹುಟ್ಟಿದಂದು’ ಎನ್ನುತ್ತೇವಲ್ಲ, ಆ ‘ಅಂದು’ ದಿನವೂ ಹೌದು, ಬರಿಯ ‘ಆಗ’ವೂ ಹೌದು. ‘ಬೆಯೋಮ್’ಗೆ ನನಗೆ ಗೊತ್ತಿರುವ ಒಳ್ಳೆಯ ಕನ್ನಡ ಆ ‘ಅಂದು’.

ಹಾಗಾಗಿ 2:17ರಲ್ಲಿ ಹಣ್ಣು ತಿಂದ ದಿನ ಸಾಯುವೆ ಎಂಬಲ್ಲಿಯೂ ಅದೇ ‘ಬೆಯೋಮ್’. ಆದಾಮ ಬದುಕಿದ್ದು 930 ವರ್ಷ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಯೂಬಿಲಿಗಳ ಗ್ರಂಥ ಎಂಬ ಯೆಹೂದ್ಯ ಬರಹ ಇದಕ್ಕೆ ಸಾವಿರ ವರ್ಷದ ಲೆಕ್ಕ ಹಚ್ಚಿ, ಸಾವಿರ ತುಂಬಲು 70 ವರ್ಷ ಉಳಿದಿರುವಾಗಲೇ ಸತ್ತನು, ಅಂದರೆ ಆ ‘ದಿನ’ದಲ್ಲೇ ಸತ್ತನು ಎಂದಿತು. ನೀವು ಕ್ಲಾಸಿನಲ್ಲಿ ಹೇಳಿದ ಉತ್ತರಕ್ಕೆ ಅಷ್ಟು ಹಳೆಯ ವಂಶವಿದೆ. ಆದರೆ ಅಷ್ಟು ದೂರ ಹೋಗಬೇಕಿಲ್ಲ. 1 ಅರಸುಗಳು 2:37ರಲ್ಲಿ ಸೊಲೊಮೋನನು ಶಿಮ್ಮಿಗೆ, ಕಿದ್ರೋನ್ ಹಳ್ಳ ದಾಟಿದ ದಿನ ಸಾಯುವೆ ಎನ್ನುತ್ತಾನೆ. ಶಿಮ್ಮಿ ಗತ್ ಊರಿಗೆ ಹೋಗಿ, ಆಳುಗಳನ್ನು ಹಿಡಿದು ತಂದ ಮೇಲೆ ಅವನ ತಲೆ ಹೋಯಿತು. ದಾಟಿದಂದೇ ಅವನ ಮರಣ ನಿಶ್ಚಯವಾಯಿತು ಎಂಬುದೇ ಆ ಮಾತಿನ ಬಲ.

ನೇತ್ರಾವತಿ ದಡ:

‘ಬಂದಂದು’! ಇದು ಮಕ್ಕಳಿಗೂ ತಿಳಿಯುತ್ತದೆ. ಹಾಗಾದರೆ ಮೊದಲ ಅಧ್ಯಾಯದ ದಿನಗಳನ್ನೂ ‘ಕಾಲ’ ಎಂದು ಓದಬಹುದೇ?

ಮೂಲಪಾಠ:

ಅಲ್ಲಿ ನಾನು ದೃಢಮನ ಅವರ ಪಕ್ಷ. ಎರಡನೆಯ ಅಧ್ಯಾಯದ ‘ಬೆಯೋಮ್’ ನುಡಿಗಟ್ಟಿನ ಸಡಿಲವನ್ನು ಮೊದಲನೆಯ ಅಧ್ಯಾಯಕ್ಕೆ ಸಾಗಿಸಲು ಬರುವುದಿಲ್ಲ. ಸಾಯಂಕಾಲವಾಯಿತು, ಬೆಳಗಾಯಿತು, ದಿನ ಎರಡು ಎಂದು ಎಣಿಸುತ್ತ ಹೋದವನ ಮನಸ್ಸಿನಲ್ಲಿ ಇದ್ದದ್ದು ಮಾಮೂಲು ದಿನವೇ. ಆಕ್ಸ್‌ಫರ್ಡಿನಲ್ಲಿ ಹೀಬ್ರೂ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಬಾರ್ ಕೂಡ ಬರೆದವನ ಉದ್ದೇಶ ಅದೇ ಎಂದು ಒತ್ತಿ ಹೇಳುತ್ತಿದ್ದರು. ಅವರೇನೂ ಭೂಮಿ ಆರು ಸಾವಿರ ವರ್ಷದ್ದು ಎನ್ನುವವರಲ್ಲ. ಪದದ ಅರ್ಥ ಬೇರೆ, ಆ ಪದದಿಂದ ಕಟ್ಟಿದ ಚಿತ್ರ ಏನು ಹೇಳಲು ಹೊರಟಿದೆ ಎಂಬುದು ಬೇರೆ. ನನ್ನ ನಿಲುವು ಇಷ್ಟೇ: ‘ಯೋಮ್’ ಪದವನ್ನು ರಬ್ಬರಿನ ಹಾಗೆ ಎಳೆಯಬೇಡಿ, ಅದು ದಿನವೇ. ಆ ವಾರ ನಮ್ಮ ವಾರವೇ ಎಂಬುದನ್ನು ಮಾತ್ರ ಬೇರೆಯಾಗಿ ಕೇಳಬೇಕು.

ಆದರೆ ದೃಢಮನ ಅವರ ಕಡೆಯವರು ಹೇಳುವ ಇನ್ನೊಂದು ವಾದ, ಸಂಖ್ಯೆಯ ಜೊತೆ ಬಂದ ‘ಯೋಮ್’ ಯಾವಾಗಲೂ ಇಪ್ಪತ್ನಾಲ್ಕು ಗಂಟೆ ಎಂಬುದು, ನಿಲ್ಲುವುದಿಲ್ಲ. ಹೋಶೇಯ 6:2ರಲ್ಲಿ ಎರಡು ದಿನದ ಮೇಲೆ ನಮ್ಮನ್ನು ಬದುಕಿಸುವನು, ಮೂರನೆಯ ದಿನ ಎಬ್ಬಿಸುವನು ಎಂದು ಇಡೀ ಜನಾಂಗದ ಬಗ್ಗೆ ಇದೆ. ಜೆಕರ್ಯ 14:7ರಲ್ಲಿ ಇನ್ನೂ ಸೋಜಿಗ: ಆದಿಕಾಂಡದ ಮೊದಲ ದಿನದ ಅದೇ ಜೋಡಿ ಪದ ‘ಯೋಮ್ ಎಹಾದ್’, ‘ಒಂದು ದಿನ’. ಆ ದಿನ ಹಗಲೂ ಅಲ್ಲ, ರಾತ್ರಿಯೂ ಅಲ್ಲ, ಸಾಯಂಕಾಲದಲ್ಲಿ ಬೆಳಕಿರುವುದು ಎಂದಿದೆ.

ಪಂಚಾಂಗದ ಮನೆ:

ನಾನು ಕ್ರೈಸ್ತನಲ್ಲ, ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮಲ್ಲಿ ಬ್ರಹ್ಮನ ಒಂದು ಹಗಲು ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಇದನ್ನೂ ಹಾಗೆ ತಿಳಿಯಬಹುದಲ್ಲವೇ? ಮತ್ತೆ, ‘ಸಾಯಂಕಾಲವೂ ಪ್ರಾತಃಕಾಲವೂ’ ಎಂದು ಸಂಜೆ ಮೊದಲು ಏಕೆ? ನಮ್ಮ ಮನೆಯಲ್ಲಿ ವಾರ ಶುರುವಾಗುವುದು ಸೂರ್ಯೋದಯದಿಂದ.

ಮೂಲಪಾಠ:

ಕಲ್ಪದ ಹೋಲಿಕೆ ಮನಸ್ಸಿಗೆ ಹಿಡಿಸುತ್ತದೆ ಸರ್, ಆದರೆ ಒಪ್ಪಲಾರೆ. ಪುರಾಣ ಬ್ರಹ್ಮನ ದಿನಕ್ಕೆ ಮಾನವ ವರ್ಷದ ಲೆಕ್ಕವನ್ನು ತಾನೇ ಬಿಡಿಸಿ ಕೊಡುತ್ತದೆ. ಆದಿಕಾಂಡ ಅಂಥ ಲೆಕ್ಕ ಕೊಡುವುದಿಲ್ಲ, ಕೊಡುವುದು ಸಂಜೆಯನ್ನೂ ಬೆಳಗನ್ನೂ ಮಾತ್ರ.

ನಿಮ್ಮ ಎರಡನೆಯ ಪ್ರಶ್ನೆಗಾಗಿ ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತರು ಜಗಳವನ್ನೇ ಆಡಿದ್ದಾರೆ. ಫ್ರಾನ್ಸಿನ ಹೆಸರಾಂತ ವ್ಯಾಖ್ಯಾನಕಾರ ರಾಶಿ ಎಂಬವನ ಮೊಮ್ಮಗ ರಶ್ಬಾಮ್ ಹೇಳಿದ್ದು ಹೀಗೆ: ಇಲ್ಲಿ ರಾತ್ರಿಯಾಯಿತು, ಹಗಲಾಯಿತು ಎಂದಿಲ್ಲ. ‘ಎರೆವ್’ (ಸಾಯಂಕಾಲ) ಆಯಿತು ಅಂದರೆ ಹಗಲು ಕಂತಿತು. ‘ಬೋಕೆರ್’ (ಬೆಳಗು) ಆಯಿತು ಅಂದರೆ ರಾತ್ರಿ ಕಳೆಯಿತು. ಅಲ್ಲಿಗೆ ಒಂದು ದಿನ ಪೂರ್ತಿ. ಹಾಗೆ ಓದಿದರೆ ದಿನ ಬೆಳಗಿನಿಂದ ಬೆಳಗಿಗೆ, ನಿಮ್ಮ ಮನೆಯ ಲೆಕ್ಕಕ್ಕೆ ಹತ್ತಿರ. ಆದರೆ ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ಶುರುವಾಗುವುದು ಸಂಜೆಗೆ. ಯಾಜಕಕಾಂಡ 23:32ರಲ್ಲಿ ದೋಷಪರಿಹಾರದ ದಿನವನ್ನು ಸಾಯಂಕಾಲದಿಂದ ಸಾಯಂಕಾಲಕ್ಕೆ ಆಚರಿಸಬೇಕೆಂದು ನೇರವಾಗಿದೆ. ದಿನ ಬೆಳಗ್ಗೆ ಶುರುವಾಗುತ್ತದೆ ಎಂಬ ಓದಿನಿಂದ ಸಬ್ಬತ್ತಿನ ಬುಡಕ್ಕೇ ಪೆಟ್ಟು ಎಂದು ಇಬ್ನ್ ಎಜ್ರಾ 1158ರಲ್ಲಿ ‘ಸಬ್ಬತ್ತಿನ ಪತ್ರ’ ಎಂಬ ಬರಹವನ್ನೇ ಬರೆದ. ರಶ್ಬಾಮ್ ಸಬ್ಬತ್ ಮುರಿದವನಲ್ಲ. ಆಚರಣೆ ಎಲ್ಲರ ಹಾಗೆ, ವಚನದ ಸರಳಾರ್ಥ ಮಾತ್ರ ತನಗೆ ಕಂಡ ಹಾಗೆ. ಆ ಧೈರ್ಯ ನನಗೆ ಬಹಳ ಇಷ್ಟ.

ಹೈಫಾದಿಂದ:

ನಾನು ಉಡುಪಿ ಕಡೆಯವಳು, ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಎಂಟು ವರ್ಷವಾಯಿತು. ಇಲ್ಲಿ ವಾರದ ಹೆಸರುಗಳೇ ಆದಿಕಾಂಡದ ಎಣಿಕೆ. ಭಾನುವಾರ ‘ಯೋಮ್ ರಿಶೋನ್’, ಸೋಮವಾರ ‘ಯೋಮ್ ಶೇನೀ’, ಹೀಗೆ ಶುಕ್ರವಾರ ‘ಯೋಮ್ ಶಿಶೀ’. ಏಳನೆಯದಕ್ಕೆ ಮಾತ್ರ ಸಂಖ್ಯೆ ಇಲ್ಲ, ‘ಶಬ್ಬಾತ್’ ಎಂಬ ಹೆಸರು. ಶುಕ್ರವಾರ ಸೂರ್ಯ ಮುಳುಗುವ ಮೊದಲು ಅಜ್ಜಿ ದೀಪ ಹಚ್ಚುತ್ತಾರೆ. ಊಟಕ್ಕೆ ಕೂರುವಾಗ ಅಜ್ಜ ದ್ರಾಕ್ಷಾರಸದ ಬಟ್ಟಲು ಹಿಡಿದು ಹೇಳುವುದು ಇದೇ ಭಾಗ. ‘ಯೋಮ್ ಹಶಿಶೀ’ ಎಂದು ಶುರುಮಾಡಿ ಎರಡನೆಯ ಅಧ್ಯಾಯದ ಮೊದಲ ಮೂರು ವಚನ. ಅಜ್ಜನಿಗೆ ಈಗ ನನ್ನ ಹೆಸರೂ ಕೆಲವು ಸಲ ನೆನಪಾಗುವುದಿಲ್ಲ. ಆ ಮೂರು ವಚನ ಒಂದು ವಾರವೂ ತಪ್ಪಿಲ್ಲ.

ಮೂಲಪಾಠ ಅಣ್ಣನಿಗೆ ಒಂದು ಪ್ರಶ್ನೆ. ವಾರದಲ್ಲಿ ‘ಯೋಮ್ ರಿಶೋನ್’ ಅಂದರೆ ಮೊದಲನೆಯ ದಿನ. ಆದರೆ ಪುಸ್ತಕದಲ್ಲಿ ‘ಯೋಮ್ ಎಹಾದ್’ ಇದೆಯಲ್ಲ, ‘ಒಂದು ದಿನ’ ಅಂತ. ಏಕೆ?

ಮೂಲಪಾಠ:

ಒಳ್ಳೆಯದನ್ನು ಹಿಡಿದಿರಿ ತಂಗಿ. ಕನ್ನಡದಲ್ಲಿ ‘ಮೊದಲನೆಯ ದಿನವಾಯಿತು’ ಎಂದಿದೆ, ಮೂಲದಲ್ಲಿ ‘ಒಂದು ದಿನ’. ಆಮೇಲೆ ‘ಎರಡನೆಯ ದಿನ’, ‘ಮೂರನೆಯ ದಿನ’. ದೇವರು ಇನ್ನೂ ಒಬ್ಬನೇ ಇದ್ದನು, ದೂತರನ್ನು ಮಾಡಿದ್ದು ಎರಡನೆಯ ದಿನ, ಅದಕ್ಕೇ ‘ಒಂದು’ ಎಂದು ಯೆಹೂದ್ಯರ ಹಳೆಯ ವಚನವ್ಯಾಖ್ಯಾನವಾದ ಮಿದ್ರಾಶನ್ನು ಹಿಡಿದು ರಾಶಿ ಹೇಳುತ್ತಾನೆ. ಕಪ್ಪದೋಕ್ಯದ ಬಿಷಪ್ ಬೇಸಿಲ್ ನಾಲ್ಕನೆಯ ಶತಮಾನದಲ್ಲಿ, ಹಗಲು ರಾತ್ರಿ ಸೇರಿ ಇಪ್ಪತ್ನಾಲ್ಕು ಗಂಟೆಯಾದರೆ ಒಂದು ದಿನ ಎಂದು ಇಲ್ಲಿ ಅಳತೆಯನ್ನೇ ನಿಗದಿ ಮಾಡಲಾಗಿದೆ ಎಂದ. ನನಗೆ ಬೇಸಿಲನ ಮಾತು ಸರಳವಾಗಿ ಕಾಣುತ್ತದೆ. ಒಂದು ಸೇರು ಎಷ್ಟೆಂದು ತೋರಿಸಿದ ಮೇಲೆ ತಾನೇ ಎರಡನೆಯ ಸೇರು, ಮೂರನೆಯ ಸೇರು ಅಳೆಯುವುದು.

ಇನ್ನೊಂದು ಸೂಕ್ಷ್ಮ ಕನ್ನಡಕ್ಕೆ ಬರುವುದೇ ಇಲ್ಲ. ಎರಡರಿಂದ ಐದರವರೆಗೆ ದಿನಗಳ ಸಂಖ್ಯೆಯ ಮುಂದೆ, ‘ಆ’ ಎಂದು ಬೊಟ್ಟುಮಾಡಿ ತೋರಿಸುವ ‘ಹ’ ಇಲ್ಲ. ಆರನೆಯದಕ್ಕೆ ಮಾತ್ರ ‘ಯೋಮ್ ಹಶಿಶೀ’, ‘ಆ’ ಆರನೆಯ ದಿನ. ನಿಮ್ಮ ಅಜ್ಜ ಹೇಳುವ ‘ಹ’ ಅದು.

ಕೆಂಪುಹಂಚು:

ಕಥೋಲಿಕ ಕಡೆಯಿಂದ ಎರಡು ಮಾತು. ಟೀಚರ್, ನಿಮ್ಮ ವಿದ್ಯಾರ್ಥಿನಿ ಕೇಳಿದ್ದನ್ನು ಮೂರನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಒರಿಗೆನ್ ಕೇಳಿದ್ದಾನೆ: ಸೂರ್ಯ, ಚಂದ್ರ, ನಕ್ಷತ್ರ ಇಲ್ಲದೆ ಮೊದಲ, ಎರಡನೆಯ, ಮೂರನೆಯ ದಿನಗಳು ಇದ್ದವೆಂದು ಬುದ್ಧಿಯಿರುವ ಯಾರು ನಂಬಿಯಾರು ಎಂದು. ಅವಳಿಗೆ ದಯವಿಟ್ಟು ಇದನ್ನು ಹೇಳಿ. ತಾನು ಕೇಳಬಾರದ್ದನ್ನು ಕೇಳಿದೆ ಎಂದು ಮಗು ಅಂದುಕೊಂಡಿರಬಹುದು.

ಸಂತ ಅಗಸ್ಟೀನರು ಆದಿಕಾಂಡದ ಅಕ್ಷರಾರ್ಥದ ಬಗ್ಗೆಯೇ ಸುಮಾರು 401ರಿಂದ 415ರವರೆಗೆ ಕೂತು ಒಂದು ದೊಡ್ಡ ಗ್ರಂಥ ಬರೆದರು. ದೇವರು ಎಲ್ಲವನ್ನೂ ಒಮ್ಮೆಗೇ ಉಂಟುಮಾಡಿದನು, ಆರು ದಿನ ಎಂಬುದು ಕಾಲದ ಉದ್ದವಲ್ಲ, ದೇವದೂತರು ಆ ಸೃಷ್ಟಿಯನ್ನು ಅರಿತ ಕ್ರಮ ಎಂಬುದು ಅವರ ಓದು. ಅವರ ಮುಂದೆ ಡಾರ್ವಿನ್ ಇರಲಿಲ್ಲ, ಪಳೆಯುಳಿಕೆ ಇರಲಿಲ್ಲ. ದಿನವನ್ನು ಕ್ಷಣಕ್ಕೆ ಕುಗ್ಗಿಸಿದರೇ ಹೊರತು ಹಿಗ್ಗಿಸಲಿಲ್ಲ. ವಿಜ್ಞಾನಕ್ಕೆ ಹೆದರಿ ಜನ ಅಕ್ಷರಾರ್ಥ ಬಿಟ್ಟರು ಎನ್ನುವವರು ಈ ಗ್ರಂಥವನ್ನು ನೆನೆಯಬೇಕು. ನಮ್ಮ ಧರ್ಮಸಭೆಯ ಬೈಬಲ್ ಆಯೋಗ 1909ರ ಜೂನ್ 30ರಂದು ‘ಯೋಮ್’ ಪದವನ್ನು ಸಹಜ ದಿನ ಎಂದೂ ಓದಬಹುದು, ಒಂದು ಕಾಲಾವಧಿ ಎಂದೂ ಓದಬಹುದು, ಚರ್ಚೆಗೆ ಅಡ್ಡಿಯಿಲ್ಲ ಎಂದಿತು.

ದೃಢಮನ:

ಅಗಸ್ಟೀನರು ಒಮ್ಮೆಗೇ ಎಂದದ್ದಕ್ಕೆ ಆಧಾರ ಸಿರಾಕನ ಗ್ರಂಥದ ಲ್ಯಾಟಿನ್ ಅನುವಾದದ ಒಂದು ಪದ. ಅವರಿಗೆ ಹೀಬ್ರೂ ಬರುತ್ತಿರಲಿಲ್ಲ. ಮತ್ತೆ ಅವರೇ ಭೂಮಿಗೆ ಆರು ಸಾವಿರ ವರ್ಷವೂ ತುಂಬಿಲ್ಲ ಎಂದವರು, ಅದನ್ನೂ ಹೇಳಬೇಕು. ಲೂಥರ್, ಕ್ಯಾಲ್ವಿನ್ ಇಬ್ಬರೂ ಆರು ದಿನವನ್ನು ಆರು ದಿನವೆಂದೇ ಓದಿದರು.

ನನ್ನ ಆತಂಕ ಗಂಟೆಗಳ ಬಗ್ಗೆ ಅಲ್ಲ. ಇಲ್ಲಿ ‘ದಿನ’ ಅಂದರೆ ದಿನವಲ್ಲ ಎಂದು ಮಕ್ಕಳಿಗೆ ಕಲಿಸಿದರೆ, ಯೇಸು ಮೂರನೆಯ ದಿನ ಎದ್ದನು ಎಂಬಲ್ಲಿ ಏನು ಹೇಳುತ್ತೀರಿ? ರೋಮಾಪುರದವರಿಗೆ 5:12ರಲ್ಲಿ ಪಾಪದಿಂದ ಮರಣ ಬಂತು ಎಂದಿದೆ. ಕೋಟಿ ವರ್ಷ ಪ್ರಾಣಿಗಳು ಸಾಯುತ್ತಿದ್ದವು ಎಂದಾದರೆ ಆ ಮಾತು ಎಲ್ಲಿ ನಿಲ್ಲುತ್ತದೆ? ನನಗೆ ಇದು ವಾದದ ಚಟವಲ್ಲ ಸಹೋದರರೇ. ನನ್ನ ತಾಯಿ ತೀರಿಕೊಂಡ ವರ್ಷ ನಾನು ಹಿಡಿದು ನಿಂತದ್ದು ಆ ಮೂರನೆಯ ದಿನವನ್ನು.

ಕಾರ್ಕಳದ ಕಲ್ಲು:

ದೃಢಮನ ಅವರೇ, ನಿಮ್ಮ ಕೊನೆಯ ಸಾಲಿಗೆ ನಮಸ್ಕಾರ. ನಾನು ಭೂವಿಜ್ಞಾನ ಕಲಿಸುವವನು, ಭಾನುವಾರ ತಪ್ಪದೆ ಆರಾಧನೆಗೆ ಹೋಗುವವನು.

ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರೊಳಗಿನ ವಿಕಿರಣಶೀಲ ಧಾತುಗಳು ಎಷ್ಟು ಕ್ಷಯಿಸಿವೆ ಎಂದು ಅಳೆದು ಇದನ್ನು ಹೇಳುತ್ತಾರೆ. ಈ ಅಳತೆಯನ್ನು ನಾನು ಬಿಡಲಾರೆ. ಆದರೆ ನನ್ನ ಕಡೆಯವರ ಒಂದು ತಪ್ಪನ್ನೂ ಹೇಳಬೇಕು. ಒಂದೊಂದು ‘ದಿನ’ವೂ ಒಂದೊಂದು ಯುಗ, ಆದಿಕಾಂಡದ ಕ್ರಮವೇ ಭೂಮಿಯ ಚರಿತ್ರೆಯ ಕ್ರಮ ಎಂದು ಸ್ಕಾಟ್ಲೆಂಡಿನ ಹ್ಯೂ ಮಿಲ್ಲರ್ ಮುಂತಾದವರು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದರು. ಮಿಲ್ಲರ್ ಕಲ್ಲುಕುಟಿಗನಾಗಿ ದುಡಿದು ಭೂವಿಜ್ಞಾನ ಕಲಿತವನು, ಅವನ ಮೇಲೆ ನನಗೆ ಗೌರವ. ಆದರೂ ಆ ಹೊಂದಾಣಿಕೆ ಕೂಡುವುದಿಲ್ಲ. ಆದಿಕಾಂಡದಲ್ಲಿ ಹಣ್ಣಿನ ಮರ ಮೂರನೆಯ ದಿನ, ಮೀನು ಐದನೆಯ ದಿನ. ಬಂಡೆಗಳಲ್ಲಿ ಮೀನು ಬಹಳ ಮೊದಲು, ಹೂ ಬಿಟ್ಟು ಹಣ್ಣಾಗುವ ಗಿಡ ಬಹಳ ಆಮೇಲೆ. ಹಕ್ಕಿ ಐದನೆಯ ದಿನ, ನೆಲದ ಪ್ರಾಣಿ ಆರನೆಯ ದಿನ. ಬಂಡೆಗಳಲ್ಲಿ ಅದೂ ತಿರುವು ಮುರುವು. ದಿನವನ್ನು ಎಷ್ಟು ಉದ್ದ ಮಾಡಿದರೂ ಕ್ರಮ ಬದಲಾಗುವುದಿಲ್ಲವಲ್ಲ. 1925ರಲ್ಲಿ ಅಮೆರಿಕದ ಡೇಟನ್ನಿನಲ್ಲಿ ವಿಕಾಸವಾದದ ಪಾಠದ ಮೇಲೆ ನಡೆದ ಮೊಕದ್ದಮೆಯಲ್ಲಿ ಬೈಬಲಿನ ಪಕ್ಷ ವಹಿಸಿದ್ದ ಬ್ರಯನ್ ಕೂಡ, ದಿನಗಳು ಇಪ್ಪತ್ನಾಲ್ಕು ಗಂಟೆಯವೇ ಆಗಬೇಕಿಲ್ಲ ಎಂದು ಸಾಕ್ಷಿಕಟ್ಟೆಯಲ್ಲಿ ಒಪ್ಪಿದ್ದರು. ಒಪ್ಪಿದರೂ ಏನೂ ಬಗೆಹರಿಯಲಿಲ್ಲ.

ನನಗೆ ಕಾಣುವುದು ಇದು. ಮೊದಲ ದಿನ ಬೆಳಕು, ನಾಲ್ಕನೆಯ ದಿನ ಜ್ಯೋತಿಗಳು. ಎರಡನೆಯ ದಿನ ಆಕಾಶವೂ ನೀರೂ ಬೇರೆಯಾದವು, ಐದನೆಯ ದಿನ ಹಕ್ಕಿ, ಮೀನು. ಮೂರನೆಯ ದಿನ ಒಣನೆಲ, ಆರನೆಯ ದಿನ ಅದರ ಮೇಲೆ ಓಡಾಡುವವರು. ಮೊದಲ ಮೂರು ದಿನ ಮನೆ ಕಟ್ಟಿದ ಹಾಗೆ, ಮುಂದಿನ ಮೂರು ದಿನ ಒಕ್ಕಲು ಬಂದ ಹಾಗೆ. ಡಚ್ ವಿದ್ವಾಂಸ ನೂರ್ಡ್‌ಜೈ 1924ರಲ್ಲಿ, ಅಮೆರಿಕದ ಮೆರೆಡಿತ್ ಕ್ಲೈನ್ 1958ರಲ್ಲಿ ಇದನ್ನು ವಿವರವಾಗಿ ಬರೆದರು.

ಮೂಲಪಾಠ:

ಎರಡನೆಯ ವಚನದಲ್ಲೇ ಅದರ ಬೀಗದ ಕೈ ಇದೆ. ಭೂಮಿ ‘ತೋಹೂ ವಾಬೋಹೂ’ ಆಗಿತ್ತು, ಅಂದರೆ ರೂಪವಿಲ್ಲದ್ದು, ಬರಿದಾದದ್ದು. ಮೂರು ದಿನದಲ್ಲಿ ರೂಪ, ಮೂರು ದಿನದಲ್ಲಿ ತುಂಬುವಿಕೆ. ಬರೆದ ಕೈ ಏಳನ್ನು ಎಷ್ಟು ಪ್ರೀತಿಸಿದೆ ನೋಡಿ: ಹೀಬ್ರೂನಲ್ಲಿ ಮೊದಲ ವಚನಕ್ಕೆ ಏಳು ಪದ, ಎರಡನೆಯದಕ್ಕೆ ಹದಿನಾಲ್ಕು, 2:3ರವರೆಗೆ ‘ಎಲೋಹೀಮ್’ ಎಂಬ ದೇವನಾಮ ಮೂವತ್ತೈದು ಸಲ. ಇಷ್ಟು ಎಣಿಸಿ ಕಟ್ಟಿದವನಿಗೆ ಸೂರ್ಯ ನಾಲ್ಕನೆಯ ದಿನಕ್ಕೆ ಬಿದ್ದದ್ದು ಗಮನಕ್ಕೆ ಬರದೆ ಹೋಯಿತೇ? ಬೇಕೆಂದೇ ಹಾಗೆ ಇಟ್ಟಿದ್ದಾನೆ. ಅಲ್ಲಿ ಸೂರ್ಯ, ಚಂದ್ರ ಎಂಬ ಹೆಸರುಗಳೂ ಇಲ್ಲ, ‘ದೊಡ್ಡ ಜ್ಯೋತಿ’, ‘ಚಿಕ್ಕ ಜ್ಯೋತಿ’ ಅಷ್ಟೇ. ಸುತ್ತಲಿನ ಜನ ಸೂರ್ಯಚಂದ್ರರನ್ನು ದೇವತೆಗಳೆಂದು ಪೂಜಿಸುತ್ತಿದ್ದ ಕಾಲದಲ್ಲಿ, ಬೆಳಕು ಅವರ ಸ್ವತ್ತಲ್ಲ, ಅವರು ದೇವರು ಹಚ್ಚಿಟ್ಟ ದೀಪಗಳು ಮಾತ್ರ ಎಂದು ಹೇಳಿದ ಹಾಗಾಯಿತು. ಅಕ್ಕ, ನಿಮ್ಮ ಹುಡುಗಿ ಎಡವಿದ ಕಲ್ಲು ಬರೆದವನು ಬೇಕೆಂದೇ ಇಟ್ಟದ್ದು.

ಮತ್ತೆ ಏಳನೆಯ ದಿನ. ಎರಡೇ ವಚನದಲ್ಲಿ ‘ಏಳನೆಯ ದಿನ’ ಎಂದು ಮೂರು ಸಲ ಬಂದಿದೆ, ಆದರೆ ಸಾಯಂಕಾಲವೂ ಪ್ರಾತಃಕಾಲವೂ ಆಯಿತು ಎಂಬ ಸಾಲು ಬರುವುದೇ ಇಲ್ಲ. ಆ ದಿನ ಮುಗಿದದ್ದನ್ನು ಹೇಳಿಲ್ಲ. ಇಬ್ರಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ಇದನ್ನೇ ಹಿಡಿದು, ದೇವರ ವಿಶ್ರಾಂತಿಯಲ್ಲಿ ಸೇರುವ ವಾಗ್ದಾನ ಇನ್ನೂ ಉಳಿದಿದೆ ಎನ್ನುತ್ತದೆ. ದಿನ ದಿನವೇ ಎನ್ನುವವನು ನಾನು. ಆದರೆ ಆ ಏಳನೆಯ ದಿನದ ಮುಂದೆ ಗಡಿಯಾರ ಹಿಡಿದು ನಿಲ್ಲಲು ನನಗೆ ಆಗುವುದಿಲ್ಲ. ದೃಢಮನ ಅವರೇ, ನಿಮ್ಮ ಪುನರುತ್ಥಾನದ ಮೂರನೆಯ ದಿನಕ್ಕೆ ಸಾಕ್ಷಿಗಳ ಹೆಸರುಗಳಿವೆ, ಸಮಾಧಿಯಿತ್ತು, ಊರಿತ್ತು, ಅಧಿಪತಿ ಪಿಲಾತನಿದ್ದನು. ಅದು ಬೇರೆ ಬಗೆಯ ಬರವಣಿಗೆ. ಇದನ್ನು ಹಾಗೆ ಓದಲಿಲ್ಲವೆಂದು ಅದು ಅಲುಗಾಡುವುದಿಲ್ಲ.

ದೃಢಮನ:

ಸಾಕ್ಷಿಗಳ ಮಾತು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪಲಿಲ್ಲ. ವಿಮೋಚನಕಾಂಡ 20:11ಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಮೂಲಪಾಠ:

ನಿಜ, ಆ ವಚನ ನನ್ನ ಓದಿಗೆ ಕಷ್ಟದ್ದೇ. ದೇವರ ವಾರ ಮಾದರಿ, ನಮ್ಮ ವಾರ ಅದರ ನಕಲು, ನಕಲು ಮೂಲದಷ್ಟೇ ಉದ್ದವಿರಬೇಕಿಲ್ಲ ಎಂದು ನಾನು ಓದುತ್ತೇನೆ. ವಿಮೋಚನಕಾಂಡ 31:17ರಲ್ಲಿ ದೇವರು ವಿಶ್ರಮಿಸಿ ದಣಿವಾರಿಸಿಕೊಂಡನು ಎಂಬರ್ಥದ ‘ವಯ್ಯಿನ್ನಾಫಶ್’ ಇದೆ, ಉಸಿರು ಎಳೆದುಕೊಂಡ ಹಾಗೆ. ದೇವರಿಗೆ ದಣಿವಿಲ್ಲ ಎಂದು ನೀವೂ ನಾನೂ ನಂಬುತ್ತೇವೆ. ಆ ಪದವನ್ನು ಹೋಲಿಕೆ ಎಂದು ಓದುವ ನಾವು, ಪಕ್ಕದ ಪದವನ್ನೂ ಹಾಗೆ ಓದಬಹುದು ಎಂಬುದು ನನ್ನ ವಾದ. ನಿಮಗೆ ಇದು ಸಾಲದಿದ್ದರೆ ತಪ್ಪು ತಿಳಿಯುವುದಿಲ್ಲ.

ನೇತ್ರಾವತಿ ದಡ:

ಎಲ್ಲರಿಗೂ ಮನಸಾರೆ ವಂದನೆ. ಕೂತು ಎರಡು ಸಲ ಓದಿದೆ. ಈ ಭಾನುವಾರ, ಹೋದ ವಾರ ಹೇಳಿದ್ದು ಸರಿಯಾದ ಉತ್ತರವಾಗಿರಲಿಲ್ಲ ಎಂದೇ ಪಾಠ ಶುರು ಮಾಡುತ್ತೇನೆ. ಅವಳ ಪ್ರಶ್ನೆ ಸಾವಿರದ ಎಂಟುನೂರು ವರ್ಷ ಹಳೆಯದು ಎಂದು ಹೇಳುತ್ತೇನೆ. ಕಪ್ಪುಹಲಗೆಯ ಮೇಲೆ ಎರಡು ಸಾಲು ಎಳೆದು, ಎಡಕ್ಕೆ ಬೆಳಕು, ಆಕಾಶ, ನೆಲ ಬರೆದು, ಬಲಕ್ಕೆ ಏನು ಬರುತ್ತದೆಂದು ಮಕ್ಕಳೇ ಹುಡುಕಲಿ. ಸಹೋದರ ದೃಢಮನ ಅವರ ಓದನ್ನೂ ಹೇಳುತ್ತೇನೆ, ನಮ್ಮ ಸಭೆಯಲ್ಲಿ ಹಾಗೆ ನಂಬುವ ಹಿರಿಯರು ಬಹಳ ಜನ ಇದ್ದಾರೆ. ಆ ಮಕ್ಕಳ ಅಜ್ಜ ಅಜ್ಜಿಯರೇ ಅವರು.

ಕಾರ್ಕಳದ ಸರ್, ಒಂದು ಕೋರಿಕೆ. ಮಕ್ಕಳಿಗೆ ಹಳೆಯ ಕಲ್ಲನ್ನು ತೋರಿಸಬೇಕು. ಬೆಂಗಳೂರು ದೂರವಾಯಿತು. ನಮ್ಮ ಕರಾವಳಿಯಲ್ಲಿ ಏನಾದರೂ ಇದೆಯೇ?

ಕಾರ್ಕಳದ ಕಲ್ಲು:

ಮಲ್ಪೆಯ ಎದುರಿಗೇ ಇದೆ, ಸೈಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಆರಿ, ಬಿರುಕು ಬಿಟ್ಟು, ಕಂಬ ನಿಲ್ಲಿಸಿದ ಹಾಗೆ ನಿಂತಿದೆ. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷದ ಹಿಂದಿನದು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಅದು ಕಳೆದ ಮೇಲೆ ಒಂದು ಶನಿವಾರ ಇಟ್ಟುಕೊಳ್ಳಿ, ನಾನು ಬರುತ್ತೇನೆ. ಮಕ್ಕಳಿಗೆ ಟೋಪಿ, ಕುಡಿಯುವ ನೀರು ಇರಲಿ, ಅಲ್ಲಿ ನೆರಳು ಕಡಿಮೆ.

ದೃಢಮನ:

ನಾನೂ ಬರಬಹುದೇ? ಆ ಕಲ್ಲುಗಳ ವಯಸ್ಸು ಹೇಗೆ ಅಳೆಯುತ್ತಾರೆಂದು ಎದುರಿಗೆ ನಿಂತು ಕೇಳಬೇಕು.

ಕಾರ್ಕಳದ ಕಲ್ಲು:

ಖಂಡಿತ ಬನ್ನಿ. ಬೆಳಗ್ಗೆ ಮೊದಲ ದೋಣಿಗೇ ಹೋಗೋಣ, ಬಿಸಿಲೇರುವ ಮುಂಚೆ.